ಪರಿಖೆಯ ನೀರು

ಪಾಠಶಾಲೆಯ ಜಗಲಿಯಲ್ಲಿ ಕುಳಿತು ಅಮರಕೋಶವನ್ನು ಕಂಠಪಾಠ ಮಾಡಿದ ನಾನು, ಪರಿಖೆಯೆಂದರೆ ಶತ್ರುನಿವಾರಣಾರ್ಥವಾಗಿ ಕೋಟೆಯ ಸುತ್ತ ತೋಡಿದ ಅಗಳೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದೆನು. ಕೌಟಿಲ್ಯನು ದುರ್ಗಕ್ಕೆ ಮೂರು ಪರಿಖೆಗಳನ್ನು ವಿಧಿಸಿರುವನೆಂದು ಪ್ರಮಾಣವನ್ನೂ ಕೊಡುತ್ತಿದ್ದೆನು. ಒಮ್ಮೆ ಒಬ್ಬ ಹುಡುಗನು, "ಮೇಷ್ಟ್ರೇ, ಶತ್ರುಗಳಿಗೆ ಈಜು ಬರುವುದಿಲ್ಲವೇ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು.

ಹೋದ ವರ್ಷ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅವಳು ನನ್ನನ್ನು ವಾರಿಕ್‌ಷೈರ್ ಪ್ರಾಂತದ ಬ್ಯಾಡ್ಸ್‌ಲಿ ಕ್ಲಿಂಟನ್ ಎಂಬ ಪುರಾತನ ಗೃಹವನ್ನು ನೋಡಲು ಕರೆದೊಯ್ದಳು. ಸುತ್ತ ನಿಶ್ಚಲವಾದ ನೀರು, ನಡುವೆ ಕಲ್ಲಿನ ಮನೆ, ಒಳಹೋಗಲು ಒಂದು ಸೇತುವೆ.

"ಇದು ಯಾವ ಅರಸನ ದುರ್ಗವಮ್ಮಾ?" ಎಂದೆನು.

"ದುರ್ಗವಲ್ಲ ಅಣ್ಣಾ, ಒಬ್ಬ ಜಮೀನ್ದಾರನ ಮನೆ," ಎಂದಳು.

ಇಂತಹ ಅಗಳಿನ ನಿವೇಶನಗಳು ಆ ದೇಶದಲ್ಲಿ 5000ಕ್ಕೂ ಮಿಕ್ಕಿ ಇರುವುವು. ಬಹುಭಾಗವು ಸುಮಾರು 1250ರಿಂದ 1350ರೊಳಗೆ, ಜೇಡಿಮಣ್ಣಿನ ಸೀಮೆಗಳಲ್ಲಿ ತೋಡಲ್ಪಟ್ಟವು. ಅನೇಕ ಕಡೆ ಮನೆ ಅಳಿದು, ಹುಲ್ಲು ಬೆಳೆದ ಹಳ್ಳವೊಂದೇ ಹೊಲದ ನಡುವೆ ಉಳಿದಿರುವುದು. ಮೀನು ಸಾಕಲು, ತಗ್ಗುನೆಲದ ನೀರು ಬಸಿಯಲು, ಕಳ್ಳರನ್ನೂ ಮೃಗಗಳನ್ನೂ ತಡೆಯಲು ಅಗಳು ಉಪಯೋಗಕ್ಕೆ ಬರುತ್ತಿದ್ದಿತು, ದಿಟ. ಆದರೆ ದೊರೆಗಳ ಕೋಟೆಗಿರುವುದು ತಮ್ಮ ಮನೆಗೂ ಇರಲೆಂಬ ಅಂತಸ್ತಿನ ಆಸೆಯೇ ಮುಖ್ಯಕಾರಣವೆಂದು ವಿದ್ವಾಂಸರ ಮತ. ಸೈನ್ಯವನ್ನು ತಡೆಯುವ ಶಕ್ತಿ ಅದಕ್ಕೆ ಇರಲಿಲ್ಲ.

ಈ ಮನೆಯಲ್ಲಿಯೇ ಅದು ಪ್ರತ್ಯಕ್ಷವಾಯಿತು. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಪಾದ್ರಿಗಳು ತಲೆಮರೆಸಿಕೊಂಡು ಬಾಳಬೇಕಾಗಿದ್ದಿತು. 1591ರ ಅಕ್ಟೋಬರಿನ ಒಂದು ಮುಂಜಾವಿನಲ್ಲಿ ರಾಣಿಯ ಜನರು ಅವರನ್ನು ಹಿಡಿಯಲು ಇಲ್ಲಿಗೆ ಬಂದರು. ಅಗಳು ಅವರನ್ನು ತಡೆಯಲಿಲ್ಲ. ಒಳಗಿದ್ದವರು ನೆಲದಡಿಯ ಹಳೆಯ ಮೋರಿಯೊಳಗೆ ಇಳಿದು, ಪಾದಗಳು ನೀರಿನಲ್ಲಿ ನೆನೆಯುತ್ತಿರಲು, ಸುಮಾರು ನಾಲ್ಕು ತಾಸು ಉಸಿರಡಗಿಸಿ ನಿಂತರು. ಮೇಲೆ ಹುಡುಕಿದವರಿಗೆ ಯಾರೂ ಸಿಕ್ಕಲಿಲ್ಲ. ಕವಿಯಾದ ರಾಬರ್ಟ್ ಸೌತ್‌ವೆಲ್ ಅಂದು ಹಾಗೆ ಪಾರಾದವರಲ್ಲೊಬ್ಬನು; 1595ರಲ್ಲಿ ಅವನನ್ನು ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಆ ಕತ್ತಲೆಯ ಮೋರಿಯನ್ನು ಬಗ್ಗಿ ನೋಡಿದಾಗ ನನ್ನ ಕಾಲುಗಳೂ ತಣ್ಣಗಾದಂತೆ ತೋರಿತು.

ಊರಿಗೆ ಮರಳಿ ಅಮರಕೋಶವನ್ನು ತೆರೆದೆನು. ಪ್ರಾಕಾರವು ಪುರವರ್ಗದಲ್ಲಿರುವುದು, ಪರಿಖೆಯಾದರೋ ಅಲ್ಲಿಲ್ಲ. ವಾರಿವರ್ಗದಲ್ಲಿ, ಬಾವಿ ಕೆರೆಗಳ ಜೊತೆಯಲ್ಲಿ, ನೀರು ನಿಲ್ಲುವ ತಾಣವಾಗಿ ಸುಮ್ಮನೆ ಕುಳಿತಿರುವುದು. ಐವತ್ತು ವರ್ಷ ಬಾಯಲ್ಲಿ ಆಡಿದ ಪಂಕ್ತಿಯು ಕಣ್ಣಿಗೆ ಬಿದ್ದಿರಲೇ ಇಲ್ಲ.

ಬೆಂಚಿನ ಮೇಲೆ ನಿಂತಿದ್ದ ಆ ಹುಡುಗನ ವಿಳಾಸವನ್ನು ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸುತ್ತಿರುವೆನು. ಇನ್ನೂ ದೊರೆತಿಲ್ಲ.