ರೆಕ್ಕೆ ಹಿಡಿದು ಎತ್ತಿದರೂ ಮುರಿಯದ ಗೊಂಬೆ

ನಮ್ಮ ಪುಟ್ಟಿಯ ಓದುವ ಮೇಜಿನ ಮೇಲೆ ಒಂದು ವಿಚಿತ್ರ ಪ್ರಾಣಿ ಇತ್ತು. ತಲೆ ಹುಂಜದ್ದು, ಮೈ ಬೆಕ್ಕಿನದು, ಬಾಲ ಓತಿಕ್ಯಾತದ್ದು, ಬೆನ್ನ ಮೇಲೆ ಬಾವಲಿಯಂಥ ಎರಡು ರೆಕ್ಕೆ. ಹೆಸರು ಗುಮ್ಮಿ. ಪಾಲಿಮರ್ ಕ್ಲೇಯಲ್ಲಿ ಅವಳೇ ಮಾಡಿದ್ದು. ಏಳನೇ ತರಗತಿಯ ಹುಡುಗಿ ಬೇಸಿಗೆ ರಜೆಯ ಹತ್ತು ದಿನ ಅದರ ಮುಂದೆ ಕೂತಿದ್ದಳು. ಹಲ್ಲುಕಡ್ಡಿ ಹಿಡಿದು ಮೈತುಂಬ ಒಂದೊಂದೇ ಗರಿ ಗೀರಿದ್ದಳು.

ಒಂದು ದಿನ ಮೇಜು ಒರೆಸುವಾಗ ನಾನು ಗುಮ್ಮಿಯನ್ನು ಎತ್ತಿದೆ. ಟಕ್ ಎಂದು ಸದ್ದಾಯಿತು. ರೆಕ್ಕೆ ನನ್ನ ಕೈಯಲ್ಲಿ, ಗುಮ್ಮಿ ಮೇಜಿನ ಮೇಲೆ! ಅರವತ್ತೆಂಟು ವರ್ಷದ ನಾನು ಆ ಕ್ಷಣ ಆರು ವರ್ಷದವಳಾದೆ. ರೆಕ್ಕೆಯನ್ನು ಅದರ ಪಕ್ಕದಲ್ಲೇ ಮಲಗಿಸಿ, ಏನೂ ಆಗದವಳಂತೆ ಅಡುಗೆಮನೆಗೆ ಹೋದೆ. ಸಂಜೆ ಪುಟ್ಟಿ ಕೇಳಿದಾಗ, "ಪಕ್ಕದ ಮನೆ ಬೆಕ್ಕು ಬಂದಿತ್ತೋ ಏನೋ" ಎಂದುಬಿಟ್ಟೆ.

ಅವಳು ಅಳಲಿಲ್ಲ. ಗುಮ್ಮಿಯನ್ನೂ ರೆಕ್ಕೆಯನ್ನೂ ಹತ್ತಿಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಳು. ಆಮೇಲೆ ಕ್ಲೇ ಮುಟ್ಟಲೇ ಇಲ್ಲ. ಜೂನ್ ಹೋಯಿತು, ಆಗಸ್ಟ್ ಹೋಯಿತು. ಆ ಡಬ್ಬಿ ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತಿತ್ತು. ದಸರಾ ರಜೆ ಬಂದದ್ದೇ ಹೇಳಿದೆ: "ಪುಟ್ಟೀ, ಕಿನ್ನಾಳಕ್ಕೆ ಹೋಗೋಣ ಬಾ. ಗೊಂಬೆ ಮಾಡೋರ ಊರು. ಗುಮ್ಮಿಯನ್ನೂ ತಗೋ."

ಕಿನ್ನಾಳ ನನಗೆ ಹೊಸದಲ್ಲ. ನನ್ನ ತವರು ಗಂಗಾವತಿಯ ಹತ್ತಿರ. ನಮ್ಮ ಮನೆಯಲ್ಲಿ ಕಿನ್ನಾಳದ ಗರುಡನ ಗೊಂಬೆ ಇತ್ತು. ಚಿಕ್ಕವಳಿದ್ದಾಗ ಅವನನ್ನು ಎತ್ತಿಕೊಂಡು ಊರೆಲ್ಲ ಸುತ್ತಿ, ಅಮ್ಮನಿಂದ ಬೈಸಿಕೊಂಡಿದ್ದೇನೆ.

ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ರೈಲಿನಲ್ಲಿ ಪುಟ್ಟಿ ನನಗೇ ಪಾಠ ಹೇಳಿದಳು. "ಪಾಲಿಮರ್ ಕ್ಲೇ ಅಂದ್ರೆ ಮಣ್ಣಲ್ಲ ಅಜ್ಜಿ. ಅದೊಂಥರ ಪ್ಲಾಸ್ಟಿಕ್. ನಾದಿದರೆ ಚಪಾತಿ ಹಿಟ್ಟಿನ ಹಾಗೆ ಮೆತ್ತಗಾಗುತ್ತೆ, ಓವನ್‌ನಲ್ಲಿ ಬೇಯಿಸಿದರೆ ಮಾತ್ರ ಗಟ್ಟಿಯಾಗುತ್ತೆ." ಅದರ ಕಥೆಯೂ ಗೊಂಬೆ ಮಾಡುವ ಮನೆಯೊಂದರದೇ. ಜರ್ಮನಿಯಲ್ಲಿ ಕೇಟೆ ಕ್ರೂಸೆ ಎಂಬ ಹೆಸರಾಂತ ಗೊಂಬೆಗಾರ್ತಿ ಇದ್ದರು. ಅವರ ಮಗಳು ಸೋಫಿಯನ್ನು ಮನೆಯಲ್ಲಿ ಫಿಫಿ ಎಂದು ಕರೆಯುತ್ತಿದ್ದರು. ಫಿಫಿ ಇಂಥದೊಂದು ಕ್ಲೇಯನ್ನು ಹದಮಾಡಿಕೊಂಡರು. 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಎಂಬ ಪೆನ್ಸಿಲ್ ಕಂಪನಿ ಅದನ್ನು ಕೊಂಡಿತು. ಇವತ್ತು ಅಂಗಡಿಗಳಲ್ಲಿ ಸಿಗುವ 'ಫಿಮೊ' ಅದೇ. ಹೆಸರಿನ 'ಫಿ' ಆ ಫಿಫಿಯದು!

ಬೆಳಿಗ್ಗೆ ಹೊಸಪೇಟೆ ದಾಟಿ ರೈಲು ತುಂಗಭದ್ರೆಯ ಸೇತುವೆ ಹತ್ತಿದಾಗ ಪುಟ್ಟಿ ಡಬ್ಬಿಯನ್ನು ಎದೆಗವಚಿಕೊಂಡು ಕಿಟಕಿಗೆ ಅಂಟಿಕೊಂಡಳು. ಕೊಪ್ಪಳದಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಅಲ್ಲಿಂದ ಕಿನ್ನಾಳಕ್ಕೆ 12–13 ಕಿ.ಮೀ. ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಯ ಗುಡ್ಡಗಳು, ನಡುವೆ ಹೊಲಗಳು, ಆಮೇಲೆ ಊರು.

ಗೊಂಬೆ ಮಾಡುವವರು ಚಿತ್ರಗಾರ ಮನೆತನದವರು. ವಿಜಯನಗರದ ಕಾಲದಿಂದ ಬಂದ ಕಲೆ ಇದು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳನ್ನು ಇವರ ಪೂರ್ವಿಕರೇ ಬರೆದರೆಂದು ಹೇಳುತ್ತಾರೆ. ಕಿನ್ನಾಳದ ಗೊಂಬೆಗಳಿಗೆ ಈಗ ಜಿ.ಐ. ಮನ್ನಣೆಯೂ ಸಿಕ್ಕಿದೆ.

"ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಕರೆದವರು ಒಬ್ಬ ಹಿರಿಯರು. ಪಡಸಾಲೆಯ ತುಂಬ ಗೊಂಬೆಗಳು: ಗಣಪತಿ, ಗರುಡ, ಗಿಳಿ, ಬಾಳೆಹಣ್ಣು, ಬದನೆಕಾಯಿ. ನಡುವೆ ಒಂದು ಕಾಮಧೇನು. ಹೆಣ್ಣಿನ ಮುಖ, ಹಸುವಿನ ಮೈ, ಹಕ್ಕಿಯ ರೆಕ್ಕೆ, ನವಿಲಿನ ಗರಿ. ಪುಟ್ಟಿ ಅದರ ಸುತ್ತ ಎರಡು ಸಲ ಬಂದಳು. "ಅಜ್ಜಿ, ಇದೂ ಗುಮ್ಮಿ ಥರಾನೇ ಅಲ್ವಾ? ನಾಲ್ಕು ಪ್ರಾಣಿ ಸೇರಿ ಒಂದು!"

ಹಿರಿಯರು ನಕ್ಕರು. "ಹೌದ ತಂಗಿ. ಇಲ್ಲದ ಪ್ರಾಣಿ ಮಾಡಬೇಕಂದ್ರ ಇರೋ ಪ್ರಾಣೀನ ಚೊಲೋತ್ನಾಗ ನೋಡಿರಬೇಕು. ಆಕಳು ಹೆಂಗ ನಿಂದರತೈತಿ, ಗಿಳಿ ರೆಕ್ಕಿ ಹೆಂಗ ಮಡಚತೈತಿ, ಎಲ್ಲಾ ನೋಡಬೇಕು."

ಆಮೇಲೆ ಗೊಂಬೆ ಹುಟ್ಟುವ ಕ್ರಮವನ್ನು ಒಂದೊಂದೇ ತೋರಿಸಿದರು. ಮೊದಲು ಹಗುರವಾದ ಮರದಲ್ಲಿ ತಲೆ, ಮೈ, ಕೈಕಾಲು, ರೆಕ್ಕೆಗಳನ್ನು ಬೇರೆ ಬೇರೆ ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿನಿಂದ ಅವನ್ನು ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರುಮಾಡಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟಿನ ಜೊತೆ ಕಲಸಿದರೆ ಒಂದು ಮೆತ್ತನೆಯ ಹಿಟ್ಟಾಗುತ್ತದೆ. ಅದರ ಹೆಸರು 'ಕಿಟ್ಟ'. ಅದನ್ನು ಕೈಯಿಂದಲೇ ಗೊಂಬೆಯ ಮೈಗೆ ಮೆತ್ತುತ್ತಾರೆ. ಸಂದುಗಳೆಲ್ಲ ಮುಚ್ಚಿ ಹೋಗುತ್ತವೆ. ಕಿಟ್ಟದ ಮೇಲೆ ಹತ್ತಿಯ ಚೂರು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಸರ, ಬಳೆ, ಕಿರೀಟಗಳನ್ನು ಉಬ್ಬಾಗಿ ಮಾಡುವುದೂ ಕಲ್ಲಿನ ಪುಡಿ, ಗೋಂದು ಕಲಸಿದ ಲೇಪದಿಂದಲೇ. ಎಲ್ಲ ಒಣಗಿದ ಮೇಲೆ ಬಣ್ಣ. ಕೆಂಪು, ಹಸಿರು, ಹಳದಿ, ಕಣ್ಣು ಕುಕ್ಕುವಷ್ಟು ಗಾಢ.

"ಅಂದ್ರೆ ಮರ ಎಲುಬು, ಕಿಟ್ಟ ಮಾಂಸ, ಹತ್ತಿ ಚರ್ಮ!" ಎಂದಳು ಪುಟ್ಟಿ.

"ಶಾಣ್ಯಾಕಿ ಇದ್ದೀ" ಎಂದರು ಅವರು. ಪುಟ್ಟಿಗೆ ಧೈರ್ಯ ಬಂತು. ಡಬ್ಬಿ ತೆರೆದು ಗುಮ್ಮಿಯನ್ನು ಅವರ ಅಂಗೈ ಮೇಲಿಟ್ಟಳು. "ಬೆಕ್ಕು ಬೀಳಿಸಿಬಿಡ್ತು, ತಾತ."

ಹಿರಿಯರು ಕನ್ನಡಕ ಏರಿಸಿಕೊಂಡು, ಬೆಳಕಿಗೆ ಹಿಡಿದು ನೋಡಿದರು. "ಬೆಕ್ಕು ಅಲ್ಲವಾ ತಂಗಿ. ಬಿದ್ದಿದ್ರ ಮೊದಲು ಕೊಕ್ಕು ಹೋಗ್ತಿತ್ತು, ಇಲ್ಲಾ ಬಾಲ. ಅವಕ್ಕ ಏನೂ ಆಗಿಲ್ಲ. ರೆಕ್ಕಿ ಬುಡದಾಗ ಅಷ್ಟ ಮುರದೈತಿ. ಯಾರೋ ರೆಕ್ಕಿ ಹಿಡದು ಎತ್ಯಾರ."

ನನ್ನ ಮುಖ ಬಿಸಿಯಾಯಿತು. ಮೂರು ತಿಂಗಳು ಬಚ್ಚಿಟ್ಟಿದ್ದು ಗಂಟಲಿಗೆ ಬಂತು. "ನಾನೇ ಪುಟ್ಟೀ" ಎಂದೆ. "ಒರೆಸೋಕೆ ಎತ್ತಿದೆ. ಹೇಳೋಕೆ ಹೆದರಿಕೆ ಆಯ್ತು."

ಅವಳು ನೆಲ ನೋಡುತ್ತ ಹೇಳಿದಳು: "ಗೊತ್ತಿತ್ತು ಅಜ್ಜಿ. ಅವತ್ತು ಕಿಟಕಿ ಹಾಕಿತ್ತು. ನೀನೇ ಹೇಳ್ತೀಯ ಅಂತ ಕಾದಿದ್ದೆ."

ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವಳು ಬೇಜಾರಾಗಿದ್ದು ರೆಕ್ಕೆಗಲ್ಲ ಎಂದು ಆಗ ತಿಳಿಯಿತು. ನಾನು ಅವಳ ತಲೆ ಮುಟ್ಟಿ "ತಪ್ಪಾಯ್ತು ಕಂದಾ" ಎಂದೆ. ಅವಳು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಹಿರಿಯರೇ ಮೌನ ಮುರಿದರು. ಗೂಡಿನಿಂದ ಗರುಡನನ್ನು ತೆಗೆದು ಪುಟ್ಟಿಯ ಮುಂದಿಟ್ಟರು. "ಎತ್ತು." ಪುಟ್ಟಿಯ ಕೈ ತಾನಾಗಿ ಹೋದದ್ದು ಎಲ್ಲಿಗೆ ಅಂದುಕೊಂಡಿರಿ? ರೆಕ್ಕೆಗೆ! "ನೋಡಿದಿ? ರೆಕ್ಕಿ ಕಂಡ್ರ ಯಾರಾದ್ರೂ ಅದನ್ನ ಹಿಡೀತಾರ. ಅಜ್ಜಿದೂ ತಪ್ಪಲ್ಲ, ನಿಂದೂ ತಪ್ಪಲ್ಲ. ಗೊಂಬಿ ಮಾಡೋ ಮುಂದ, ಕೈ ಎಲ್ಲಿ ಬೀಳತೈತಿ ಅಂತ ವಿಚಾರ ಮಾಡಿ, ಅಲ್ಲೇ ಗಟ್ಟಿ ಮಾಡಬೇಕು." ನನ್ನ ತವರಿನ ಗರುಡ ಅಷ್ಟು ವರ್ಷ ನನ್ನ ಕೈಯಲ್ಲಿ ಹೇಗೆ ಉಳಿದ ಎಂಬುದು ಅಂದು ಅರ್ಥವಾಯಿತು. ಹೊರಡುವಾಗ ಒಂದು ಪುಟ್ಟ ಗಿಳಿ ಕೊಂಡೆವು. ಗುಮ್ಮಿಯನ್ನು ಅಂಟಿಸಿಕೊಡಿ ಎಂದದ್ದಕ್ಕೆ ಅವರು ತಲೆಯಾಡಿಸಿದರು. "ಆಕಿ ಗೊಂಬಿ ಆಕೀನ ಮಾಡ್ಲಿ."

ಮರುದಿನ ಹಂಪಿಗೆ ಹೋದೆವು. ವಿಠ್ಠಲ ಗುಡಿಯ ಕಂಬಗಳಲ್ಲಿ ಮುಂಗಾಲೆತ್ತಿ ನಿಂತ ಯಾಳಿಗಳಿವೆ. ಅವೂ ಲೋಕದಲ್ಲಿಲ್ಲದ ಪ್ರಾಣಿಗಳೇ. ಪುಟ್ಟಿ ಅವುಗಳ ಮುಖಕ್ಕಿಂತ ಕಾಲನ್ನೇ ಹೆಚ್ಚು ನೋಡಿದಳು. ಭಾರ ಎಲ್ಲಿ ಬಿದ್ದಿದೆ ಎಂದು ಪುಸ್ತಕದಲ್ಲಿ ಗೀಚಿಕೊಂಡಳು.

ಊರಿಗೆ ಬಂದು ಮೂರನೇ ದಿನ ಹೊಸ ಗುಮ್ಮಿಯ ಕೆಲಸ ಶುರುವಾಯಿತು. ಈ ಸಲ ಮೊದಲು ಎಲುಬು. ಒಂದೇ ತಂತಿ ಒಂದು ರೆಕ್ಕೆಯಿಂದ ಹೊರಟು ಬೆನ್ನು ದಾಟಿ ಇನ್ನೊಂದು ರೆಕ್ಕೆ ತಲುಪುವಂತೆ ಬಗ್ಗಿಸಿದಳು. ಹೊಟ್ಟೆಗೆ ಅಲ್ಯೂಮಿನಿಯಂ ಹಾಳೆಯ ಬಿಗಿಯಾದ ಉಂಡೆ. ಅದರ ಮೇಲೆ ಕ್ಲೇ. ರೆಕ್ಕೆಯ ಬುಡ ದಪ್ಪ, ತುದಿ ತೆಳ್ಳಗೆ. ಬಣ್ಣದ ಸೀಮೆಸುಣ್ಣವನ್ನು ಕೆರೆದು, ಆ ಪುಡಿಯನ್ನು ಕುಂಚದಿಂದ ಕುತ್ತಿಗೆಗೆ ಸವರಿದಾಗ ಹಸಿರು ಮೆಲ್ಲಗೆ ನೀಲಿಗೆ ತಿರುಗಿತು. ಅವಳಪ್ಪ ಓವನ್ನಿನ ಪಕ್ಕದಲ್ಲೇ ನಿಂತು, ಪೊಟ್ಟಣದ ಮೇಲಿದ್ದಂತೆ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಬೇಯಿಸಿದ. ಮಕ್ಕಳೇ, ಈ ಕೆಲಸಕ್ಕೆ ದೊಡ್ಡವರು ಜೊತೆಗಿರಲೇಬೇಕು. ಬಿಸಿ ಹೆಚ್ಚಾದರೆ ಕ್ಲೇ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಕಡಿಮೆಯಾದರೆ ಗೊಂಬೆ ಸುಲಭವಾಗಿ ಮುರಿಯುತ್ತದೆ. ಆರಿದ ಮೇಲೆ ಅಕ್ರಿಲಿಕ್ ಬಣ್ಣ. ಎಲ್ಲಕ್ಕಿಂತ ಕೊನೆಗೆ ಕಣ್ಣು.

ಕ್ಲೇ ದುಬಾರಿ ಎನಿಸಿದರೆ ಯೋಚನೆ ಬೇಡ. ನೆನೆಸಿ ರುಬ್ಬಿದ ಹಳೆಯ ಪೇಪರಿಗೆ ಅಂಟು ಕಲಸಿದರೂ ಗೊಂಬೆಯಾಗುತ್ತದೆ. ಒಣಗಲು ಬಿಸಿಲು ಸಾಕು.

ಕಣ್ಣಿನ ಬಣ್ಣ ಒಣಗಿದ ಸಂಜೆ ಪುಟ್ಟಿ ನನ್ನನ್ನು ಕರೆದಳು. "ಎತ್ತು ಅಜ್ಜಿ. ರೆಕ್ಕೆ ಹಿಡಿದೇ ಎತ್ತು."

ನನ್ನ ಕೈ ನಡುಗಿತು. ಎತ್ತಿದೆ. ಗುಮ್ಮಿ ಗಾಳಿಯಲ್ಲಿ ತೂಗಾಡಿತು, ಮುರಿಯಲಿಲ್ಲ. ಹಳೆಯ ಗುಮ್ಮಿಯೂ ಈಗ ಡಬ್ಬಿಯಿಂದ ಹೊರಬಂದು, ಒಂಟಿ ರೆಕ್ಕೆಯಲ್ಲೇ ಕಿನ್ನಾಳದ ಗಿಳಿಯ ಪಕ್ಕ ಕೂತಿದೆ. ಆ ಮೇಜು ಒರೆಸುವ ಕೆಲಸ ಮಾತ್ರ ಪುಟ್ಟಿ ನನಗೆ ವಾಪಸ್ ಕೊಟ್ಟಿಲ್ಲ.

ಹೋಗುವುದು ಹೇಗೆ?
ಕಿನ್ನಾಳ ಇರುವುದು ಕೊಪ್ಪಳ ಜಿಲ್ಲೆ, ಕೊಪ್ಪಳ ತಾಲ್ಲೂಕಿನಲ್ಲಿ. ಬೆಂಗಳೂರು, ಹುಬ್ಬಳ್ಳಿ, ಗದಗ, ಹೊಸಪೇಟೆಗಳಿಂದ ಕೊಪ್ಪಳಕ್ಕೆ ರೈಲು, ಬಸ್ಸುಗಳಿವೆ. ಹಂಪಿಗೆ ಹೋಗುವವರು ಒಂದು ದಿನ ಹೆಚ್ಚು ಇಟ್ಟುಕೊಂಡರೆ ಕಿನ್ನಾಳವನ್ನೂ ನೋಡಬಹುದು. ಗೊಂಬೆ ಒಣಗಲು ಇಟ್ಟಿರುತ್ತಾರೆ, ಕೇಳದೆ ಮುಟ್ಟಬೇಡಿ. ಕೇಳಿದರೆ ಪ್ರೀತಿಯಿಂದ ತೋರಿಸುತ್ತಾರೆ.