ಐವತ್ತಾರನೆಯ ಇಸವಿ

ನಮ್ಮ ಮನೆಯ ಹಿರಿಯರ ಬಾಯಲ್ಲಿ 1956 ಒಂದು ವರ್ಷವಾಗಿ ಉಳಿದಿರಲೇ ಇಲ್ಲ, ಬರೀ ಒಂದು ತಾರೀಖಾಗಿಬಿಟ್ಟಿತ್ತು: ನವೆಂಬರ್ ಒಂದು. ಪಂಚಾಂಗ ಬಲ್ಲ ದೊಡ್ಡಪ್ಪ ಮಾತ್ರ ಅದನ್ನು ದುರ್ಮುಖಿ ಸಂವತ್ಸರ ಎನ್ನುತ್ತಿದ್ದ. ಆದರೆ ಎಲ್ಲಿಂದ ಹೊರಟರೂ ಅವನೂ ಕೊನೆಗೆ ಏಕೀಕರಣಕ್ಕೇ ಬಂದು ನಿಲ್ಲುತ್ತಿದ್ದ.

ಧಾರವಾಡದ ಕಡೆಯವರಾದ ನಮಗೆ ಇದು ಸಹಜವೇ. ಅಕ್ಟೋಬರ್ 31ರ ರಾತ್ರಿ ಮುಂಬಯಿ ರಾಜ್ಯದಲ್ಲಿ ಮಲಗಿದವರು ಬೆಳಗಾಗುವುದರೊಳಗೆ ಮೈಸೂರು ರಾಜ್ಯದವರಾಗಿದ್ದರು. ಬೆಳಗಾವಿ, ಬಿಜಾಪುರ, ಕಾರವಾರದವರದೂ ಅದೇ ಕಥೆ. ಬೀದರ, ಗುಲ್ಬರ್ಗಾ, ರಾಯಚೂರಿನವರು ಹೈದರಾಬಾದಿನಿಂದ ಬಂದರು, ಮಂಗಳೂರಿನವರು ಮದರಾಸಿನಿಂದ ಬಂದರು, ಕೊಡಗಿನವರು ತಮ್ಮದೇ ಪುಟ್ಟ ರಾಜ್ಯವನ್ನು ಬಿಟ್ಟುಕೊಟ್ಟು ಬಂದರು. ಕಾಸರಗೋಡಿನವರು ಮಾತ್ರ ಅದೇ ಬೆಳಿಗ್ಗೆ ಕೇರಳದಲ್ಲಿ ಎದ್ದರು. ನಿಜಲಿಂಗಪ್ಪನವರು ಮುಖ್ಯಮಂತ್ರಿ, ನಿನ್ನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ಇಂದಿನ ರಾಜ್ಯಪಾಲರು. ಕನ್ನಡ ಶಾಲೆಯ ಮಾಸ್ತರರಾಗಿದ್ದ ನಮ್ಮಜ್ಜ ಸಂಭ್ರಮದ ಮೆರವಣಿಗೆಯಲ್ಲಿ ನಡೆಯುತ್ತಲೇ ಪಕ್ಕದವರನ್ನು ಕೇಳಿದರಂತೆ: “ರಾಜ್ಯ ಒಂದಾತು, ಛಲೋ ಆತು. ಇನ್ನ ಪಗಾರ ಯಾರು ಕೊಡ್ತಾರ?” ದೀಪಾವಳಿ ಬೇರೆ ಬಾಗಿಲಿಗೆ ಬಂದಿತ್ತು.

ಈಚೆಗೆ ಆ ವರ್ಷದ ಹಳೆಯ ಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕೂತಾಗ ನನಗೆ ಬೇರೆಯೇ ಒಂದು ನವೆಂಬರ್ ಕಂಡಿತು. ನಾವು ಹೊಸ ನಕಾಶೆಗೆ ಕುಂಕುಮ ಹಚ್ಚುತ್ತಿದ್ದ ಅದೇ ನವೆಂಬರ್ ಒಂದರಂದು ಬುಡಾಪೆಸ್ಟಿನಲ್ಲಿ ಪ್ರಧಾನಿ ಇಮ್ರೆ ನಾಜ್, ಹಂಗೇರಿ ಇನ್ನು ತಟಸ್ಥ ದೇಶ, ವಾರ್ಸಾ ಒಪ್ಪಂದದಿಂದ ಹೊರಬರುತ್ತಿದ್ದೇವೆ ಎಂದು ಸಾರಿದರು. ಅದೇ ಹೊತ್ತಿಗೆ ಈಜಿಪ್ಟಿನ ಮೇಲೆ ಬ್ರಿಟಿಷ್ ಮತ್ತು ಫ್ರೆಂಚ್ ವಿಮಾನಗಳು ಬಾಂಬು ಸುರಿಯುತ್ತಿದ್ದವು. ಜುಲೈ 26ರಂದು ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ್ದರ ಸಿಟ್ಟು ಅದು. ನವೆಂಬರ್ 4ಕ್ಕೆ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದವು. ನಾಜ್ ಸಾರಿದ ತಟಸ್ಥ ಹಂಗೇರಿಗೆ ಸಿಕ್ಕ ಆಯುಷ್ಯ ಮೂರು ದಿನ. ಕಾಲುವೆಯಲ್ಲಿ ಹಡಗುಗಳನ್ನು ಮುಳುಗಿಸಿ ದಾರಿ ಮುಚ್ಚಿದ್ದರಿಂದ ಮುಂಬಯಿಗೆ ಬರುವ ಸರಕು ಆಫ್ರಿಕವನ್ನೇ ಬಳಸಿ ಬರಬೇಕಾಯಿತು. ಪತ್ರಿಕೆ ನಮ್ಮೂರಿಗೆ ಮರುದಿನದ ಬಸ್ಸಿಗೆ ಬರುತ್ತಿತ್ತಾದ್ದರಿಂದ ಜಗತ್ತಿನ ಯುದ್ಧಗಳೆಲ್ಲ ನಮ್ಮಲ್ಲಿ ಒಂದು ದಿನ ತಡವಾಗಿ ಶುರುವಾಗುತ್ತಿದ್ದವು, ಅಷ್ಟೇ.

ಸೂಯೆಜ್ ವಿಷಯದಲ್ಲಿ ನೆಹರೂ ಗಟ್ಟಿಯಾಗಿ ಮಾತಾಡಿದರು. ಹಂಗೇರಿಯ ವಿಷಯಕ್ಕೆ ಬಂದಾಗ ಅವರ ದನಿ ಇಳಿಯಿತು. ವಿಶ್ವಸಂಸ್ಥೆಯಲ್ಲಿ ಹಂಗೇರಿಯ ಪರವಾದ ನಿರ್ಣಯವೊಂದು ಬಂದಾಗ ಭಾರತದ ಕೃಷ್ಣ ಮೆನನ್ ಸೋವಿಯತ್ ಗುಂಪಿನ ಜೊತೆ ಸೇರಿ ವಿರುದ್ಧ ಮತ ಹಾಕಿದರು. ಅಲಿಪ್ತ ನೀತಿಯ ಬಗ್ಗೆ ಎಷ್ಟೇ ಗೌರವವಿದ್ದರೂ ಆ ಮತವನ್ನು ಸಮರ್ಥಿಸಲು ನನ್ನಿಂದಾಗದು.

ಅಲ್ಲಿ ಟ್ಯಾಂಕು, ಇಲ್ಲಿ ಬರೀ ಸಂಸತ್ತಿನ ಮಸೂದೆ ಎಂದು ಬೀಗುವುದು ಸುಲಭ. ಆದರೆ ನಮ್ಮ ಗಡಿಗಳೂ ಕಾಗದದ ಮೇಲೆ ತಾವಾಗಿ ಮೂಡಿದವಲ್ಲ. ಆಂಧ್ರಕ್ಕಾಗಿ 1952ರಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಸತ್ತರು. ಮರುವರ್ಷ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರು ಅನ್ನ ಬಿಟ್ಟು ಕೂತಾಗ ಹುಬ್ಬಳ್ಳಿ ಹೊತ್ತಿಕೊಂಡಿತು. ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಹೇಬರು ಕೊಲೆಯಾದರು. ಇದೇ 1956ರ ಜನವರಿಯಲ್ಲಿ ಸಂಯುಕ್ತ ಮಹಾರಾಷ್ಟ್ರ ಬೇಕೆಂದು ಬೀದಿಗಿಳಿದವರ ಮೇಲೆ ಮುಂಬಯಿಯಲ್ಲಿ ಗುಂಡು ಹಾರಿತು. ಇಷ್ಟಾಗಿಯೂ ನಮಗೆ ಸಿಕ್ಕಿದ್ದು ‘ಮೈಸೂರು’ ಎಂಬ ಹೆಸರು. ಕರ್ನಾಟಕ ಎನಿಸಿಕೊಳ್ಳಲು ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು.

ಜನ ಬದುಕಿದ್ದು ಇದರಲ್ಲೇ ಅಲ್ಲವಲ್ಲ. ಆ ವರ್ಷ ಶುರುವಾದದ್ದೇ ಕ್ರಿಕೆಟ್ಟಿನಿಂದ. ಜನವರಿಯಲ್ಲಿ ಮದರಾಸಿನಲ್ಲಿ ವಿನೂ ಮಂಕಡ್ ಮತ್ತು ಪಂಕಜ್ ರಾಯ್ ನ್ಯೂಜಿಲೆಂಡಿನವರನ್ನು ಬಿಸಿಲಲ್ಲಿ ಓಡಾಡಿಸಿ ಮೊದಲ ವಿಕೆಟ್ಟಿಗೆ 413 ರನ್ ಹೊಡೆದರು. ಟೆಸ್ಟಿನಲ್ಲಿ ಆ ದಾಖಲೆ 2008ರವರೆಗೆ ಅಲುಗಾಡಲಿಲ್ಲ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಕಾನ್ ಚಿತ್ರೋತ್ಸವದಲ್ಲಿ ಮನ್ನಣೆ ಸಿಕ್ಕಿತು. ನಮ್ಮ ರಾಜಕುಮಾರ್ ಆಗಿನ್ನೂ ‘ಭಕ್ತ ವಿಜಯ’, ‘ಹರಿಭಕ್ತ’ ಎಂದು ದೇವರ ಸುತ್ತಲೇ ಇದ್ದರು. ಹುಬ್ಬಳ್ಳಿಯಿಂದ ‘ಕಸ್ತೂರಿ’ ಮಾಸಪತ್ರಿಕೆ ಹೊರಬಂದದ್ದು ಆ ವರ್ಷವೇ. ನಮ್ಮಜ್ಜಿಯ ಮಟ್ಟಿಗೆ ಏಕೀಕರಣಕ್ಕಿಂತ ದೊಡ್ಡ ಘಟನೆ ಅದು. ಪಾ.ವೆಂ. ಆಚಾರ್ಯರ ಅಂಕಣ ಓದಿ ಮುಗಿಯುವವರೆಗೆ ಒಲೆಯ ಮೇಲಿನ ಸಾರು ಉಕ್ಕಿದರೂ ಕೇಳುವವರಿರಲಿಲ್ಲ.

ಮನೆಯಲ್ಲಿ ಪದೇಪದೇ ಕೇಳಿದ ಇನ್ನೊಂದು ಕಥೆ ಅರಿಯಲೂರಿನದು. ನವೆಂಬರ್ 23ರಂದು ಮದರಾಸ್ ರಾಜ್ಯದ ಅರಿಯಲೂರಿನ ಬಳಿ ರೈಲು ನದಿಗೆ ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ರೈಲ್ವೆ ಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಮಕ್ಕಳಿಗೆ ಹೇಳುವುದಕ್ಕೆಂದೇ ಮಾಡಿಟ್ಟಂಥ ಕಥೆ. ಇವತ್ತು ಹೇಳಿದರೆ ಮಕ್ಕಳು ನಂಬುವುದಿಲ್ಲ.

ಆದರೆ ಕಟ್ಟಿನಲ್ಲಿ ನನ್ನ ಕೈ ನಿಂತದ್ದು ಡಿಸೆಂಬರ್ 6ಕ್ಕೆ. ಆ ಒಂದು ಗುರುವಾರ ಮೆಲ್ಬೋರ್ನ್ ಒಲಿಂಪಿಕ್ಸಿನ ಹಾಕಿ ಫೈನಲ್. ಬೆರಳು ಮುರಿದುಕೊಂಡಿದ್ದ ಬಲಬೀರ್ ಸಿಂಗ್ ನಾಯಕತ್ವದಲ್ಲಿ ಭಾರತ ಪಾಕಿಸ್ತಾನವನ್ನು ಒಂದೇ ಗೋಲಿನಿಂದ ಸೋಲಿಸಿ ಸತತ ಆರನೆಯ ಚಿನ್ನ ಗೆದ್ದಿತು. ಅದೇ ದಿನ ಅದೇ ಊರಿನ ಈಜುಕೊಳದಲ್ಲಿ ಹಂಗೇರಿ ಮತ್ತು ಸೋವಿಯತ್ ತಂಡಗಳು ವಾಟರ್ ಪೋಲೋ ಆಡುವ ಬದಲು ಹೊಡೆದಾಡಿಕೊಂಡವು. ಹಂಗೇರಿಯ ಎರ್ವಿನ್ ಜಾಡೋರನ ಕಣ್ಣಿನ ಬಳಿ ರಕ್ತ ಸುರಿಯಿತು, ನಾಲ್ಕು ಗೋಲು ಮುಂದಿದ್ದ ಹಂಗೇರಿಯನ್ನೇ ಗೆದ್ದಿತೆಂದು ಸಾರಿ ಆಟ ನಿಲ್ಲಿಸಿದರು. ಮತ್ತೆ ಅದೇ ದಿನ, ಬೆಳಗಿನ ಜಾವ, ದೆಹಲಿಯ ಅಲಿಪುರ ರಸ್ತೆಯ ಮನೆಯಲ್ಲಿ ಅಂಬೇಡ್ಕರ್ ತೀರಿಕೊಂಡಿದ್ದರು. ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿ ಎರಡು ತಿಂಗಳೂ ಆಗಿರಲಿಲ್ಲ.

ಹಾಕಿಯ ಚಿನ್ನ ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. ಶಾಸ್ತ್ರಿಯವರ ರಾಜೀನಾಮೆ ನೆನಪಿತ್ತು. ಅಂಬೇಡ್ಕರ್ ತೀರಿಕೊಂಡದ್ದು ಆ ವರ್ಷ ಎಂದು ಮಾತ್ರ ಯಾರ ಬಾಯಿಂದಲೂ ನಾನು ಕೇಳಿರಲಿಲ್ಲ. ಧಾರವಾಡ ಅವರಿಗೆ ಪರವೂರೇನಲ್ಲ. ಅಲ್ಲಿ ದಲಿತ ಹುಡುಗರ ವಿದ್ಯಾರ್ಥಿ ನಿಲಯ ಹುಟ್ಟಿದ್ದೇ ಅವರಿಂದ. ಪತ್ರಿಕೆಗಳಲ್ಲಿ ಸುದ್ದಿ ಬಂದಿತ್ತು, ನಮ್ಮಜ್ಜ ಪತ್ರಿಕೆ ಓದುತ್ತಿದ್ದರು. ಮರೆತದ್ದು ಪತ್ರಿಕೆಯಲ್ಲ, ನಮ್ಮ ಓಣಿ. ಊರಿನ ಇನ್ನೊಂದು ಬದಿಯಲ್ಲಿದ್ದ ಗೆಳೆಯನ ಮನೆಯಲ್ಲಿ ಆ ವರ್ಷದ ಮಾತು ಶುರುವಾಗುವುದೇ ಡಿಸೆಂಬರಿನಿಂದ. ಸುದ್ದಿ ಕೇಳಿ ಅವನ ಮುತ್ತಜ್ಜ ಮುಂಬಯಿಯ ರೈಲು ಹತ್ತಿದ್ದನಂತೆ. ಮುಟ್ಟುವಷ್ಟರಲ್ಲಿ ದಾದರಿನಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ನವೆಂಬರ್ ಒಂದು ಶಾಲೆಗೆ ರಜೆ ಕೊಟ್ಟ ದಿನ.

ಅಂಬೇಡ್ಕರ್ ಹಿಂದಿನ ವರ್ಷವಷ್ಟೇ ಭಾಷಾವಾರು ರಾಜ್ಯಗಳ ಬಗ್ಗೆ ಪುಸ್ತಕ ಬರೆದಿದ್ದರು. ಒಂದು ಭಾಷೆಯ ರಾಜ್ಯದಲ್ಲಿ ದೊಡ್ಡ ಜಾತಿಯ ಕೈಗೆ ಎಲ್ಲವೂ ಹೋಗಿಬಿಟ್ಟೀತು ಎಂಬ ಎಚ್ಚರಿಕೆ ಅದರಲ್ಲಿದೆ. ಹೊಸ ರಾಜ್ಯಕ್ಕೆ ಐದು ವಾರ ತುಂಬಿದ ದಿನವೇ ಅವರು ಹೋದರು. ರಾಜ್ಯೋತ್ಸವದ ಭಾಷಣಗಳಲ್ಲಿ ಆ ಪುಸ್ತಕದ ಹೆಸರನ್ನು ನಾನಿನ್ನೂ ಕೇಳಿಲ್ಲ.

ಅಂದು ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ಮನೆಯಲ್ಲಿದ್ದರೆ ಐವತ್ತಾರರ ನವೆಂಬರ್ ಒಂದರ ಕಥೆ ಅವರಾಗಿಯೇ ಹೇಳುತ್ತಾರೆ, ಕೇಳಿ. ಆಮೇಲೆ ಡಿಸೆಂಬರ್ ಆರರಂದು ಏನಾಯಿತೆಂದೂ ಕೇಳಿ. ನಿಮ್ಮ ಓಣಿಯಲ್ಲಿ ಮಾತ್ರವಲ್ಲ, ಪಕ್ಕದ ಕೇರಿಗೂ ಹೋಗಿ ಕೇಳಿ.