ಒಂದು ಎಕರೆ ಮೆಕ್ಕೆಜೋಳ ಎಷ್ಟು ಎಣ್ಣೆ ಕುಡಿಯುತ್ತೆ, ಎಷ್ಟು ಕೊಡುತ್ತೆ?



ಮೊನ್ನೆ ಕಾಳು ಬಿಡಿಸ್ತಾ ಇದ್ವಿ. ಅಕ್ಕನ ಮಗ ಚೀಲ ಹೊಲೀತಾ ಕೇಳಿದ, "ಮಾವ, ಈ ಜೋಳ ಎಥನಾಲ್ ಫ್ಯಾಕ್ಟರಿಗೆ ಹೋಗುತ್ತಂತೆ. ಹಂಗಾದ್ರೆ ನಿನ್ನ ಹೊಲ ಕುಡಿದ ಎಣ್ಣೆನ ತಾನೇ ವಾಪಸ್ ಕೊಡುತ್ತಾ?" ಎಲ್ರೂ ನಕ್ರು, ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ದುಡ್ಡಿನ ಲೆಕ್ಕ ಪ್ರತಿ ವರ್ಷ ಬರೀತೀನಿ, ಶಕ್ತಿಯ ಲೆಕ್ಕ ಒಮ್ಮೆಯೂ ಬರೆದಿರಲಿಲ್ಲ. ಡೈರಿ ತೆಗೆದು ಕೂತೆ. ಎಲ್ಲವನ್ನೂ ಡೀಸೆಲ್ ಲೀಟರಿಗೆ ಇಳಿಸಿದ್ದೀನಿ, ನಮಗೆ ಗೊತ್ತಿರೋ ಅಳತೆ ಅದೇ.

ಮೊದಲು ಬರೋದು. ನಂದು ಮಳೆ ಹೊಲ, ಎಕರೆಗೆ 20 ಕ್ವಿಂಟಾಲ್ ಬಂತು. ಒಂದು ಟನ್ ಜೋಳಕ್ಕೆ ಸುಮಾರು 380 ಲೀಟರ್ ಎಥನಾಲ್. ಅಂದ್ರೆ ನನ್ನ ಎಕರೆಗೆ 760 ಲೀಟರ್. ಆದರೆ ಎಥನಾಲ್ ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ, ಡೀಸೆಲ್‌ಗೆ ಹೋಲಿಸಿದ್ರೆ ಇನ್ನೂ ಕಮ್ಮಿ. ಡೀಸೆಲ್ ಲೆಕ್ಕದಲ್ಲಿ 450 ಲೀಟರ್ ಅಂತ ಇಟ್ಕೊಳ್ಳಿ.

ಈಗ ಹೋಗೋದು. ಉಳುಮೆ, ಬಿತ್ತನೆ, ಕಾಳು ಬಿಡಿಸೋ ಮಷಿನ್, ಲಾರಿ ಎಲ್ಲ ಸೇರಿ 25 ಲೀಟರ್. ಇಷ್ಟೇನಾ ಅಂತ ಖುಷಿಪಟ್ಟೆ. ಆಮೇಲೆ ಗೊಬ್ಬರಕ್ಕೆ ಬಂದೆ.

ಯೂರಿಯಾ ಮಾಡೋದೇ ನೈಸರ್ಗಿಕ ಅನಿಲದಿಂದ. 45 ಕೆಜಿಯ ಒಂದು ಚೀಲದ ಹಿಂದೆ ಸುಮಾರು 30 ಲೀಟರ್ ಡೀಸೆಲ್‌ನಷ್ಟು ಶಕ್ತಿ ಖರ್ಚಾಗಿರುತ್ತೆ. ಇನ್ನೊಂದ್ಸಲ ಓದಿ. ಆ ಎಕರೆಗೆ ಟ್ರ್ಯಾಕ್ಟರ್, ಮಷಿನ್, ಲಾರಿ ಎಲ್ಲ ಸೇರಿ ಕುಡಿಯೋದಕ್ಕಿಂತ ಒಂದೇ ಚೀಲ ಹೆಚ್ಚು! 266 ರೂಪಾಯಿಗೆ ಸಿಗುತ್ತೆ ಅಂತ ನಮಗೆ ಅದರ ಭಾರ ಗೊತ್ತಾಗಲ್ಲ. ನಾನು ಹಾಕಿದ್ದು ಮೂರು ಚೀಲ, 90 ಲೀಟರ್. ಡಿಎಪಿ ಒಂದು ಚೀಲಕ್ಕೆ 15. ಹೊಲದ ಖರ್ಚು ಒಟ್ಟು 130.

ಇನ್ನು ಫ್ಯಾಕ್ಟರಿ. ಜೋಳ ಬೀಸಿ, ಬೇಯಿಸಿ, ಹುಳಿ ಬರಿಸಿ, ಭಟ್ಟಿ ಇಳಿಸಿ, ಉಳಿದ ಹಿಂಡಿ ಒಣಗಿಸಬೇಕು. ಎಲ್ಲದಕ್ಕೂ ಹಬೆ. ಬರೋ ಎಥನಾಲಿನ ಶಕ್ತಿಯ ಹೆಚ್ಚುಕಮ್ಮಿ ಅರ್ಧ ಬಾಯ್ಲರಿಗೇ ಬೇಕು. 220 ಲೀಟರ್ ಅನ್ನಿ.

ಕೂಡಿಸಿದ್ರೆ ಹೋಗಿದ್ದು 350, ಬಂದಿದ್ದು 450. ಉಳಿದಿದ್ದು 100. ಜೊತೆಗೆ ಜೋಳದ ತೂಕದ ಮೂರನೇ ಒಂದು ಪಾಲು ಪಶು ಆಹಾರ ಆಗಿ ವಾಪಸ್ ಬರುತ್ತೆ, ಅದು ಲಾಭವೇ.

ಈ ಲೆಕ್ಕದ ಮೇಲೆ ಅಮೆರಿಕದಲ್ಲಿ ದೊಡ್ಡ ಜಗಳ ಆಗಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಿಮೆಂಟೆಲ್ 2005ರಲ್ಲಿ, ಜೋಳದ ಎಥನಾಲಿಗೆ ಅದರಲ್ಲಿರೋದಕ್ಕಿಂತ ನೂರಕ್ಕೆ 29ರಷ್ಟು ಹೆಚ್ಚು ಶಕ್ತಿ ಸುಡ್ತೀವಿ ಅಂದ್ರು. ಅಲ್ಲಿನ ಕೃಷಿ ಇಲಾಖೆಯವರು 2002ರಲ್ಲೇ 1 ಹಾಕಿದ್ರೆ 1.34 ಬರುತ್ತೆ ಅಂದಿದ್ರು. ಒಬ್ಬರು ಯಂತ್ರದ ಕಬ್ಬಿಣವನ್ನೂ ಖರ್ಚಿಗೆ ಸೇರಿಸಿದ್ರು, ಇನ್ನೊಬ್ಬರು ಪಶು ಆಹಾರವನ್ನ ಆದಾಯಕ್ಕೆ ಪೂರ್ತಿ ಸೇರಿಸಿದ್ರು. ಹೆಂಗೆ ಎಣಿಸಿದ್ರೂ ಉಳಿಕೆ ತೆಳು.

ಕಬ್ಬು ಬೇರೆ ಜಾತಿ. ಅರೆದ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕ್ತಾರೆ, ಹೊರಗಿನ ಸೌದೆ ಬೇಡ. ಬ್ರೆಜಿಲ್‌ನಲ್ಲಿ 1 ಹಾಕಿದ್ರೆ 8-9 ಬರುತ್ತೆ ಅಂತ ಲೆಕ್ಕ ಇದೆ. ಆದರೆ ಅಲ್ಲಿ ಕಬ್ಬು ಬಹುಪಾಲು ಮಳೆಗೇ ಬೆಳೆಯುತ್ತೆ. ನಾವು ಬೋರ್‌ವೆಲ್‌ನಿಂದ ಎತ್ತಬೇಕು. ಒಂದು ಎಕರೆ ಕಬ್ಬಿಗೆ 3000 ಯೂನಿಟ್ ಓಡಿತು ಅನ್ನಿ, ಕಲ್ಲಿದ್ದಲಿನ ಕರೆಂಟಾದ್ರೆ ರಾಯಚೂರಲ್ಲೋ ಬಳ್ಳಾರಿಯಲ್ಲೋ ಎರಡು ಟನ್ ಕಲ್ಲಿದ್ದಲು ಉರೀತು. ಬಿಲ್ ಬರಲ್ಲ ಅಷ್ಟೇ. ಕಾಲುವೆ ನೀರಿನವರು ಪುಣ್ಯವಂತರು.

ಕಟ್ಟಿಗೆಯಿಂದ ಆಲ್ಕೋಹಾಲ್ ತೆಗೆಯೋದೂ ನಮಗೆ ಹೊಸದಲ್ಲ. 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಯ ಹೆಸರೇ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಅಂತಿತ್ತು. ಕಾಡಿನ ಕಟ್ಟಿಗೆಯನ್ನ ಗಾಳಿಯಾಡದಂಗೆ ಕಾಯಿಸಿ ಇದ್ದಿಲು ಮಾಡ್ತಿದ್ರು, ಹೊಗೆ ತಣಿಸಿ ಮೆಥನಾಲ್ ತೆಗೀತಿದ್ರು. ಹಿಂಗೆ ತೆಗೆದ್ರೆ ಸಿಗೋದು ಕಟ್ಟಿಗೆ ತೂಕದ ನೂರಕ್ಕೆ ಒಂದೆರಡು ಪಾಲು. ಇದ್ದಿಲು ಕಬ್ಬಿಣದ ಕುಲುಮೆಗೆ ಬೇಕಾಗಿತ್ತು, ಅದಕ್ಕೇ ಗಿಟ್ತು. ಬರೀ ಎಣ್ಣೆಗಾಗಿ ಕಾಡು ಕಡಿದಿದ್ರೆ ಗಿಟ್ಟುತ್ತಿರಲಿಲ್ಲ. ಚೀನಾದಲ್ಲಿ ಈಗ ಕಲ್ಲಿದ್ದಲಿನಿಂದಲೇ ಮೆಥನಾಲ್ ಮಾಡ್ತಾರೆ. ಕಲ್ಲಿದ್ದಲಿನ ಶಕ್ತಿಯಲ್ಲಿ ಸುಮಾರು ಅರ್ಧ ದಾರೀಲೇ ಹೋಗುತ್ತೆ. ನಮ್ಮ ಜೋಳ ಬೇಯಿಸೋ ಬಾಯ್ಲರಿಗೆ ಕಲ್ಲಿದ್ದಲು ಹಾಕಿದ್ರೆ, ಅರ್ಧದಷ್ಟು ನಾವೂ ಅದೇ ಕೆಲಸ ಮಾಡಿದಂಗೆ. ಭತ್ತದ ಹೊಟ್ಟೋ, ನಾವು ಬದುವಿನಲ್ಲಿ ಸುಡೋ ಜೋಳದ ದಿಂಡೋ ಹಾಕಿದ್ರೆ ಲೆಕ್ಕ ಪೂರ್ತಿ ಬದಲಾಗುತ್ತೆ.

ಫ್ಯಾಕ್ಟರಿ ಬೇಡ ಅಂತ ನಾನು ಹೇಳ್ತಿಲ್ಲ. ಕೊಳ್ಳೋರು ಹೆಚ್ಚಾದಷ್ಟೂ ನಮಗೆ ಒಳ್ಳೇದು. ಆದರೆ ಹೊರದೇಶದ ಪೆಟ್ರೋಲ್ ಕಮ್ಮಿ ಮಾಡೋಕೆ ಅಂತ ಹೊರಟು, ಯೂರಿಯಾ ಮಾಡೋಕೆ ಹಡಗಿನಲ್ಲಿ ಗ್ಯಾಸ್ ತರಿಸಿದ್ರೆ ಏನು ಬಂತು? ಬಾಯ್ಲರ್ ನಮ್ಮ ಕೈಲಿಲ್ಲ, ಚೀಲ ನಮ್ಮ ಕೈಲಿದೆ. ಮೂರನೇ ಚೀಲ ಬಿಟ್ರೆ ನನ್ನ ಉಳಿಕೆ 100 ಇದ್ದದ್ದು 130 ಆಗುತ್ತೆ. ಆ ಚೀಲ ಹಾಕಿದ್ದು ಬೆಳೆ ಕೇಳಿತು ಅಂತಲ್ಲ, ಪಕ್ಕದವರ ಹೊಲ ಕಡುಹಸಿರಾಗಿತ್ತು ಅಂತ.

ಬರೋ ಮುಂಗಾರಿಗೆ ಎರಡು ಎಕರೆಯಲ್ಲಿ ಎರಡೇ ಚೀಲದಂತೆ ಹಾಕ್ತೀನಿ, ನಡುವೆ ತೊಗರಿ ಸಾಲು ಬಿಡ್ತೀನಿ. ಉಳಿದ ಹೊಲ ಎಂದಿನಂತೆ. ಮನೆಯಲ್ಲಿ ಎಲ್ರಿಗೂ ಹೆದರಿಕೆ ಇದೆ, ನನಗೂ ಇದೆ. ಇಳುವರಿ ಬಿದ್ರೆ ಅದನ್ನೂ ಇಲ್ಲೇ ಬರೀತೀನಿ.

ಅಳಿಯನಿಗೆ ಬೆಳಿಗ್ಗೆ ಉತ್ತರ ಕೊಟ್ಟೆ, "ಕೊಡುತ್ತೆ ಕಣೋ. ಮುನ್ನೂರೈವತ್ತು ಕುಡಿದು ನಾನೂರೈವತ್ತು ಕೊಡುತ್ತೆ." ಅವನು ಅಂದ, "ಅಷ್ಟಕ್ಕೆ ಆರು ತಿಂಗಳು ಕಷ್ಟಪಟ್ಟೆಯಾ ಮಾವ?"

ನಿಮ್ಮ ಹೊಲದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಮೊದಲು ಚೀಲ ಎಣಿಸಿ.